ಕ್ಯಾಶ್ ಬಂದದ್ದು ನಮ್ಮ ಕಾಸಿನಿಂದಲೇ?

ಪ್ರಶ್ನೆ: ಇಂಗ್ಲಿಷಿನ ‘ಕ್ಯಾಶ್’ ಹುಟ್ಟಿದ್ದೇ ನಮ್ಮ ‘ಕಾಸು’ ಪದದಿಂದ ಎಂದು ವಾಟ್ಸ್ಆ್ಯಪ್‌ನಲ್ಲಿ ಓದಿದೆ. ನಿಜವೇ? ಹಾಗಾದರೆ ಕ್ಯಾಶಿಯರ್ ಕೂಡ ನಮ್ಮದೇನಾ?

ಉತ್ತರ: ಮೆಸೇಜ್ ಪೂರ್ತಿ ಸುಳ್ಳಲ್ಲ, ಆದರೆ ಎರಡು ಬೇರೆ ಪದಗಳನ್ನು ಒಂದು ಮಾಡಿಬಿಟ್ಟಿದೆ. ಇಂಗ್ಲಿಷಿನಲ್ಲಿ ಒಂದೇ ಸ್ಪೆಲಿಂಗ್‌ನ ಎರಡು ‘ಕ್ಯಾಶ್’ ಇವೆ.

‘ಕ್ಯಾಶಾ, ಕಾರ್ಡಾ?’ ಎಂದು ಅಂಗಡಿಯವರು ಕೇಳುವ ಕ್ಯಾಶ್ ಯುರೋಪಿನದು. ಲ್ಯಾಟಿನ್‌ನಲ್ಲಿ ‘ಕಾಪ್ಸ’ ಎಂದರೆ ಪೆಟ್ಟಿಗೆ. ಅದು ಇಟಲಿಯಲ್ಲಿ ‘ಕಾಸ್ಸ’, ಫ್ರಾನ್ಸಿನಲ್ಲಿ ‘ಕೆಸ್’ ಆಯಿತು. 16ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದಾಗ ಅದಕ್ಕೆ ದುಡ್ಡಿನ ಪೆಟ್ಟಿಗೆ ಎಂಬ ಅರ್ಥವೂ ಇತ್ತು. ಆಮೇಲೆ ಪೆಟ್ಟಿಗೆ ಮರೆಯಾಗಿ ಒಳಗಿನ ದುಡ್ಡಷ್ಟೇ ಉಳಿಯಿತು. ಇಟಲಿಯ ಅಂಗಡಿಗಳಲ್ಲಿ ಬಿಲ್ ಕಟ್ಟುವ ಕೌಂಟರಿಗೆ ಈಗಲೂ ‘ಕಾಸ್ಸ’ ಎಂದೇ ಬೋರ್ಡ್ ಇರುತ್ತದೆ. ಕನ್ನಡಿಗರು ನೋಡಿದರೆ ‘ಕಾಸು ಇಲ್ಲಿ ಕೊಡಿ’ ಅಂತ ಓದಿಕೊಳ್ಳೋದೇ, ಅಲ್ವಾ!

ನಮ್ಮದು ಇನ್ನೊಂದು ಕ್ಯಾಶ್. ಅದು ನಾಣ್ಯದ ಹೆಸರು. ತಮಿಳು, ಮಲಯಾಳ, ಕನ್ನಡ ಎಲ್ಲದರಲ್ಲೂ ‘ಕಾಸು’ ಇದೆ. ನಿಘಂಟುಗಳು ಸಾಮಾನ್ಯವಾಗಿ ತಮಿಳನ್ನು ಹೆಸರಿಸುತ್ತವೆ. ಕರಾವಳಿಗೆ ಬಂದ ಪೋರ್ಚುಗೀಸರು ಇದನ್ನು ‘ಕೈಶ’ ಎಂದು ಬರೆದುಕೊಂಡರು. ತಮಾಷೆ ಏನೆಂದರೆ, ಅವರ ಭಾಷೆಯಲ್ಲಿ ‘ಕೈಶ’ ಎಂದರೂ ಪೆಟ್ಟಿಗೆಯೇ! ಇಂಗ್ಲಿಷರ ಬಾಯಿಗೆ ಬರುವಷ್ಟರಲ್ಲಿ ಅದು ‘ಕ್ಯಾಶ್’ ಆಗಿ, ಆಗಲೇ ಇದ್ದ ಪದದ ಜೊತೆ ಬೆರೆತುಹೋಯಿತು. ಗೊಂದಲದ ಬೇರು ಇಲ್ಲಿದೆ. ಚೀನಾದ ತೂತಿನ ಬಿಲ್ಲೆಗಳನ್ನೂ ಅವರು ಇದೇ ಹೆಸರಿನಿಂದ ಕರೆದರು.

ಮದ್ರಾಸಿನ ಹಳೇ ಲೆಕ್ಕದಲ್ಲಿ 80 ಕ್ಯಾಶ್‌ಗೆ 1 ಫನಂ, 42 ಫನಂಗೆ 1 ಪಗೋಡ. ಫನಂ ಬೇರೇನೂ ಅಲ್ಲ, ನಮ್ಮ ‘ಹಣ’. ಪಗೋಡ ಎಂದರೆ ವರಹ. 1809ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ‘ಅಡ್ಮಿರಲ್ ಗಾರ್ಡ್ನರ್’ ಹಡಗು ಇಂಗ್ಲೆಂಡಿನ ತೀರದಲ್ಲೇ ಮುಳುಗಿತು. ಅದರಲ್ಲಿದ್ದದ್ದು ಟನ್‌ಗಟ್ಟಲೆ ತಾಮ್ರದ 10 ಮತ್ತು 20 ಕ್ಯಾಶ್ ನಾಣ್ಯಗಳು.

ಆದರೆ ನನಗೆ ಜಾಸ್ತಿ ಇಷ್ಟವಾದ ಸಾಕ್ಷಿ ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯ ಸಿಕ್ಕರೆ ನೋಡಿ. ಒಂದು ಬದಿ ಆನೆ. ಇನ್ನೊಂದು ಬದಿ ಕನ್ನಡದಲ್ಲಿ ‘ಮಯಿಲಿ ಕಾಸು’, ಅದೇ ಬಿಲ್ಲೆಯ ಮೇಲೆ ಇಂಗ್ಲಿಷಿನಲ್ಲಿ ‘ಕ್ಯಾಶ್’. ಕಾಸಿಗೆ ಕ್ಯಾಶ್ ಎಂದು ಟಂಕಸಾಲೆಯೇ ಒತ್ತಿ ಕೊಟ್ಟ ಹಾಗಾಯಿತು.

ಇನ್ನು ಕ್ಯಾಶಿಯರ್. ಕ್ಯಾಶ್ ಎಣಿಸುವ ಕ್ಯಾಶಿಯರ್ ಪೆಟ್ಟಿಗೆಯ ಕಡೆಯವರು, ನಮ್ಮ ಕಾಸಿಗೂ ಅವರಿಗೂ ನಂಟಿಲ್ಲ. ಸೈನ್ಯದ ಅಧಿಕಾರಿಯನ್ನು ಮರ್ಯಾದೆ ಕಳೆದು ಕೆಲಸದಿಂದ ಕಿತ್ತುಹಾಕುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ ಇದೆ. ಆದರೆ ಅದು ಡಚ್ಚರಿಂದ ಬಂದ ಮೂರನೇ ಪದ. ಹಾಗಾಗಿ ಇಂಗ್ಲಿಷಿನಲ್ಲಿ ಕ್ಯಾಶಿಯರನ್ನೇ ಕ್ಯಾಶಿಯರ್ ಮಾಡಬಹುದು!