ಅಡಿಕೆ ತೋಟದ ಮೆಣಸಿನ ಬಳ್ಳಿಗೆ ಕೊಟ್ಟಿಗೆ ಗೊಬ್ಬರವೋ, ಎರೆಗೊಬ್ಬರವೋ?

ತೋಟ ಕೈಗೆ ಬಂದ ಹೊಸದರಲ್ಲಿ ನಾನೂ ಕಂಡವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ಕೇಳಬೇಕಾದದ್ದು ಇದಲ್ಲ. ಗೊಬ್ಬರ ಪೂರ್ತಿ ಕಳಿತಿದೆಯೇ, ಬುಡದಿಂದ ಎಷ್ಟು ದೂರ ಹಾಕುತ್ತೀರಿ, ಮಳೆನೀರು ಎತ್ತ ಹೋಗುತ್ತದೆ? ಮೊದಲು ಇದನ್ನು ನೋಡಿ.

ನಮ್ಮದು ಶಿರಸಿ ಸೀಮೆಯ ಕಣಿವೆ ತೋಟ. ಸೊಪ್ಪು, ತರಗು ತರಲು ಸೊಪ್ಪಿನ ಬೆಟ್ಟವಿತ್ತು, ಕೊಟ್ಟಿಗೆಯಲ್ಲಿ ದನಗಳಿದ್ದವು, ಗೊಬ್ಬರಕ್ಕೆ ಬರವಿರಲಿಲ್ಲ. ಪಣಿಯೂರು-1 ತಳಿಯ ಮೆಣಸಿನ ಬಳ್ಳಿಗಳು ಚೆನ್ನಾಗಿ ಫಸಲು ಕೊಟ್ಟ ಸಂತೋಷಕ್ಕೆ, ಮಳೆ ಹಿಡಿಯುವ ಮುನ್ನ ಗೊಬ್ಬರಗುಂಡಿಯಿಂದ ಬುಟ್ಟಿಗಟ್ಟಲೆ ತೆಗೆಸಿ ಬುಡಕ್ಕೆ ಸುರಿಸಿದೆ. ದರಕಿನ (ಒಣ ತರಗಿನ) ಎಲೆಗಳು ಇನ್ನೂ ಎಲೆಗಳಾಗಿಯೇ ಇದ್ದವು, ಒಳಗೆ ಕೈ ಹಾಕಿದರೆ ಬಿಸಿ. ಕಾಂಡಕ್ಕೆ ತಾಗಿಸಿ ಗೇಣೆತ್ತರ ಗುಡ್ಡೆ ಹಾಕಿಸಿದ್ದೆ. ಬಸಿಗಾಲುವೆಯ ಹೂಳು ತೆಗೆಸುವುದನ್ನು ಮುಂದೂಡಿದ್ದೆ.

ಆಷಾಢದ ಮಳೆಯಲ್ಲಿ ಎಲೆಗಳ ಮೇಲೆ ಕಪ್ಪು ಮಚ್ಚೆ ಕಂಡಿತು. ನೋಡನೋಡುತ್ತ ಹಸಿರೆಲೆಗಳೇ ಉದುರಿದವು, ಗೆಣ್ಣುಗಳು ಕಳಚಿ ಬಿದ್ದವು. ಗುಡ್ಡೆ ಸರಿಸಿ ಕಾಂಡವನ್ನು ಉಗುರಿನಿಂದ ಕೆರೆದರೆ ಸಿಪ್ಪೆ ಲೋಳೆಯಾಗಿ ಎದ್ದು ಬಂತು, ಕೊಳೆತ ವಾಸನೆ. ಶೀಘ್ರ ಸೊರಗು ರೋಗ. ಇಳಿಜಾರಿನ ಕೆಳಗಿನ ಸಾಲುಗಳಲ್ಲಿ ಬಳ್ಳಿ ಉಳಿಯಲೇ ಇಲ್ಲ.

ರೋಗ ತಂದದ್ದು ಗೊಬ್ಬರವಲ್ಲ. ಈ ರೋಗದ ಮೂಲ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು ಮಣ್ಣಿನಲ್ಲೇ ಇರುತ್ತದೆ, ಅದರ ಬೀಜಕಣಗಳು ನೀರಿನಲ್ಲಿ ಈಜಿ ಬೇರಿಗೂ ಬುಡಕ್ಕೂ ತಲುಪುತ್ತವೆ. ನನ್ನ ಗುಡ್ಡೆ ಸ್ಪಂಜಿನಂತೆ ನೀರು ಹಿಡಿದು ಕಾಂಡವನ್ನು ಹಗಲೂ ರಾತ್ರಿ ನೆನೆಸಿಟ್ಟಿತು. ಅರೆಗಳಿತ ಗೊಬ್ಬರದ ಕಾವಿಗೆ ಎಳೆಬೇರು ಮೊದಲೇ ಬೆಂದಿತ್ತು. ಹೂಳು ತುಂಬಿದ ಕಾಲುವೆಯಿಂದ ಉಕ್ಕಿದ ನೀರು ರೋಗವನ್ನು ಬಳ್ಳಿಯಿಂದ ಬಳ್ಳಿಗೆ ಒಯ್ದಿತು. ಅದೇ ಗೊಬ್ಬರ ಚೆನ್ನಾಗಿ ಕಳಿತು, ಬುಡದಿಂದ ಒಂದು ಅಡಿ ದೂರ ಬಿದ್ದು, ನೀರು ಬಸಿದು ಹೋಗುತ್ತಿದ್ದರೆ ಆ ಸಾಲುಗಳು ಹೀಗೆ ಹೋಗುತ್ತಿರಲಿಲ್ಲ.

ಆದ್ದರಿಂದ ಏಪ್ರಿಲ್‌ನಲ್ಲೇ ಕಾಲುವೆ ಬಿಡಿಸಿ. ನೆಲದ ಮೇಲೆ ಹರಿದ ಹಬ್ಬು ಬಳ್ಳಿಗಳನ್ನು ಕತ್ತರಿಸಿ ಇಲ್ಲವೇ ಮರಕ್ಕೆ ಕಟ್ಟಿ, ರೋಗ ಮೊದಲು ಹತ್ತುವುದೇ ಅಲ್ಲಿಗೆ. ದೊಡ್ಡ ಬಳ್ಳಿಗೆ ವರ್ಷಕ್ಕೆ 10 ಕಿಲೋ ಕಳಿತ ಗೊಬ್ಬರ ಸಾಕು. 90 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ 10 ಕಿಲೋ ಬೇವಿನ ಹಿಂಡಿ, 1 ಕಿಲೋ ಟ್ರೈಕೋಡರ್ಮಾ (ರೋಗಾಣುವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಬೆರೆಸಿ, ನೆರಳಿನಲ್ಲಿ ತೇವ ಆರದಂತೆ 15 ದಿನ ಇಟ್ಟು ಹಾಕಿ. ಅದರ ಬೆನ್ನಿಗೇ ಬುಡಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸುರಿಯಬೇಡಿ, ಟ್ರೈಕೋಡರ್ಮಾ ಸಾಯುತ್ತದೆ. ಏಲಕ್ಕಿಯೂ ಇದ್ದರೆ, ಅದರ ಕೆಲವು ಬಗೆಗಳಲ್ಲಿ ಹೂಗೊಂಚಲು ನೆಲದ ಮೇಲೇ ಚಾಚಿರುತ್ತದೆ, ಅದನ್ನು ಗೊಬ್ಬರದಡಿ ಹುಗಿಯಬೇಡಿ.

ಎರೆಗೊಬ್ಬರಕ್ಕೆ ದುಡ್ಡು ಕೊಡುವುದನ್ನಂತೂ ನಾನು ಒಪ್ಪುವುದಿಲ್ಲ. ನಿಮ್ಮ ತೋಟದಲ್ಲೇ ಬಿದ್ದ ಸೋಗೆ, ಹಾಳೆಗಳನ್ನು ಕೊಚ್ಚಿ, ಸಗಣಿ ನೀರಿನಲ್ಲಿ ಎರಡು ವಾರ ಕೊಳೆಸಿ ಎರೆಹುಳ ಬಿಟ್ಟರೆ ಮತ್ತೆರಡು ತಿಂಗಳಿಗೆ ಗೊಬ್ಬರ ಸಿಗುತ್ತದೆ. ಈಗಲೇ ಶುರು ಮಾಡಿ.