ಫೋಟೋದ ಬೆನ್ನು ಓದಿ

ಪ್ರಶ್ನೆ: 1952ರ ಮಾರ್ಸಿಯಾನೊ–ವಾಲ್ಕಾಟ್ ಬಾಕ್ಸಿಂಗ್ ಪಂದ್ಯದ ಹಳೇ ಪತ್ರಿಕಾ ಫೋಟೋ ಒಂದನ್ನು ಕೊಂಡಿದ್ದೇನೆ. ಹಿಂದೆ ಯುಪಿಐ ಸುದ್ದಿಸಂಸ್ಥೆಯ ಮೊಹರಿದೆ, ಒಂದು ಚೀಟಿ ಅಂಟಿಸಿದ್ದಾರೆ. ಮುಂದೆ ಯಾರೋ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಅಲ್ಲಲ್ಲಿ ಬಿಳಿ ಬಣ್ಣ ಬಳಿದಿದ್ದಾರೆ. ಇದು ಆ ಕಾಲದ್ದೇನಾ? ಗೆರೆ ಅಳಿಸಿ ಲ್ಯಾಮಿನೇಶನ್ ಮಾಡಿಸಲೇ?
– ಓದುಗರು, ಉಡುಪಿ

ಉತ್ತರ: ಗೆರೆ ಅಳಿಸಬೇಡಿ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಆ ಕೆಂಪು ಗೆರೆ ಯಾವುದೋ ಪತ್ರಿಕಾ ಕಚೇರಿಯ ಮೇಜಿನ ಮೇಲೆ ಬಿದ್ದದ್ದು. ಚಿತ್ರದ ಎಷ್ಟು ಭಾಗ ಅಚ್ಚಿಗೆ ಹೋಗಬೇಕು ಎಂಬ ಗುರುತು ಅದು. ಬಿಳಿ ಬಣ್ಣವೂ ಹಾಗೇ. ಒರಟು ಕಾಗದದಲ್ಲಿ ಅಚ್ಚಾದಾಗ ಆಳು ಹಿನ್ನೆಲೆಯೊಳಗೆ ಕಳೆದುಹೋಗಬಾರದೆಂದು ಅಂಚು ತಿದ್ದುತ್ತಿದ್ದರು. ನನಗೆ ಇಂಥ ಫೋಟೋ ಮೇಲೇ ಪ್ರೀತಿ ಜಾಸ್ತಿ. ಪತ್ರಿಕೆಗಾಗಿ ನಿಜವಾಗಿ ದುಡಿದ ಪ್ರತಿ ಅದು, ಅಲ್ವಾ?

ಈಗ ಮೊಹರಿಗೆ ಬರೋಣ. ಪಂದ್ಯ ನಡೆದದ್ದು 1952ರ ಸೆಪ್ಟೆಂಬರ್ 23ರಂದು, ಫಿಲಡೆಲ್ಫಿಯಾದಲ್ಲಿ. ಮೊದಲ ಸುತ್ತಿನಲ್ಲೇ ನೆಲಕ್ಕೆ ಬಿದ್ದೆದ್ದ ಮಾರ್ಸಿಯಾನೊ ಅಂಕದಲ್ಲೂ ಹಿಂದಿದ್ದ. 13ನೇ ಸುತ್ತಿನಲ್ಲಿ ಒಂದೇ ಬಲಗೈ ಏಟು, ವಾಲ್ಕಾಟ್ ಕುಸಿದ, ಹೆವಿವೇಟ್ ಪಟ್ಟ ಕೈ ಬದಲಾಯಿತು. ಆದರೆ ಯುಪಿಐ, ಅಂದರೆ ಯುನೈಟೆಡ್ ಪ್ರೆಸ್ ಇಂಟರ್‌ನ್ಯಾಶನಲ್, ಹುಟ್ಟಿದ್ದೇ 1958ರಲ್ಲಿ, ಎರಡು ಸುದ್ದಿಸಂಸ್ಥೆಗಳು ಒಂದಾಗಿ. ಹಾಗಾಗಿ ಮೊಹರು ಬಿದ್ದದ್ದು ಪಂದ್ಯ ಮುಗಿದು ಐದಾರು ವರ್ಷವಾದ ಮೇಲೆಯೇ. ಅಷ್ಟಕ್ಕೇ ಫೋಟೋ ನಕಲಿ ಎನ್ನಲಾಗದು. ಹಳೇ ನೆಗೆಟಿವ್‌ನಿಂದ ಆಮೇಲೆ ತೆಗೆದ ಪ್ರತಿ ಇರಬಹುದು, ಇಲ್ಲವೇ ಹಳೇ ಪ್ರತಿಗೆ ಆಮೇಲೆ ಮೊಹರು ಒತ್ತಿರಬಹುದು. ಅಂಗಡಿಯವರು ನೋಟು ಪರೀಕ್ಷೆ ಮಾಡುವ ನೇರಳೆ ದೀಪವನ್ನು ಕತ್ತಲಲ್ಲಿ ಹಿಡಿದು ನೋಡಿ. ಫೋಟೋ ಕಾಗದಕ್ಕೆ ಬೆಳ್ಳಗಿನ ಹೊಳಪು ಕೊಡುವ ರಾಸಾಯನಿಕ ಹೆಚ್ಚು ಬಳಕೆಗೆ ಬಂದದ್ದು 1950ರ ದಶಕದ ನಡುವಿನಿಂದ. ಕಾಗದ ನೀಲಿಯಾಗಿ ಬೆಳಗಿದರೆ ಅದು 1952ರದ್ದಾಗಿರುವುದು ಕಷ್ಟ. ಬೆಳಗದಿದ್ದರೆ ಆಸೆ ಇಟ್ಟುಕೊಳ್ಳಬಹುದು.

ನನ್ನ ಬಳಿ 1938ರ ಜೋ ಲೂಯಿಸ್–ಶ್ಮೆಲಿಂಗ್ ಪಂದ್ಯದ ಫೋಟೋ ಇದೆ. 124 ಸೆಕೆಂಡಿನಲ್ಲಿ ಮುಗಿದ ಪಂದ್ಯ ಅದು. ಇಲ್ಲೇ ಮಂಗಳೂರಿನಲ್ಲಿ ಕಟ್ಟು ಹಾಕಿಸಲು ಕೊಟ್ಟಿದ್ದೆ. ಮಡಚದೆ ನಿಲ್ಲಲಿ ಎಂದು ಅವರು ಗೋಂದು ಹಚ್ಚಿ ರಟ್ಟಿಗೆ ಅಂಟಿಸಿಬಿಟ್ಟರು. ಹಿಂದಿದ್ದ ಚೀಟಿ, ತಾರೀಕಿನ ಮೊಹರು ಎಲ್ಲ ಒಳಗೆ ಹೋಯಿತು. ನಾನು ಅದನ್ನು ಒಮ್ಮೆ ಬರೆದಿಟ್ಟುಕೊಂಡೂ ಇರಲಿಲ್ಲ. ಇವತ್ತಿಗೂ ಆ ಫೋಟೋ ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಕಡೆ ಆಟಿ ತಿಂಗಳ ಮಳೆಯಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಪಾಲಿಯೆಸ್ಟರ್ ಕವರು ತನ್ನಿ, ಪಿವಿಸಿಯದ್ದು ಬೇಡ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ, ಹೊರಗೋಡೆಗೆ ತೂಗುಹಾಕಬೇಡಿ. ಚೀಟಿಯ ಅಂಚು ಎದ್ದಿದ್ದರೂ ಸುಮ್ನೆ ಬಿಡಿ, ಅಂಟಿಸಲು ಹೋಗಬೇಡಿ. ಅದರ ಚಿತ್ರ ಮೊಬೈಲಿನಲ್ಲಿ ತೆಗೆದು ನನಗೆ ಕಳಿಸಿ. ಅದರಲ್ಲಿ ಯಾವ ತಾರೀಕು, ಯಾವ ಸಂಸ್ಥೆಯ ಹೆಸರಿದೆ ಎಂದು ನೋಡಬೇಕು.