ಬೀಡಿ ಕಟ್ಟುವ ಅಮ್ಮನ ಸೊಂಟನೋವಿಗೆ ಯೋಗ ಮಾಡಿಸಬಹುದಾ?

ನೀವು ಕೇಳಿದ್ದು ಇಷ್ಟು: ಮಂಗಳೂರಿನ ಹತ್ತಿರ ಮನೆ. ಅಮ್ಮನಿಗೆ 54 ವರ್ಷ, ಮದುವೆಗೆ ಮುಂಚಿನಿಂದಲೂ ಬೀಡಿ ಕಟ್ಟುತ್ತಾರೆ. ಮೂರು ವರ್ಷದಿಂದ ಸೊಂಟನೋವು. ಎಂಆರ್‌ಐ ತೆಗೆಸಿದಾಗ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಅಂತ ಬಂತು, ಆಪರೇಷನ್ ಬೇಡ ಅಂದರು. ಯೂಟ್ಯೂಬ್ ನೋಡಿ ಯೋಗ ಮಾಡಿಸಬಹುದಾ, ಮಾಡಿದರೆ ನೋವು ಹೋಗುತ್ತದಾ?

ಯೋಗ ಮಾಡಿಸಿ. ಯೂಟ್ಯೂಬ್ ನೋಡಿ ಬೇಡ. ನೋವು ಪೂರ್ತಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ನೋವಿದ್ದರೂ ಅಮ್ಮನ ಕೈಲಾಗುವ ಕೆಲಸ ಜಾಸ್ತಿಯಾಗಬಹುದು, ರಾತ್ರಿ ನಿದ್ದೆ ಬರಬಹುದು, ಬಗ್ಗುವ ಹೆದರಿಕೆ ಕಮ್ಮಿಯಾಗಬಹುದು. ನಾನು ಉಡುಪಿಯವಳು. ಎರಡನೇ ಹೆರಿಗೆಯ ನಂತರ ಶುರುವಾದ ಸೊಂಟನೋವು ಈಗಲೂ ನನ್ನ ಜೊತೆ ಇದೆ. ಬ್ಯಾಂಕಿನ ಕೆಲಸ, ಮನೆಗೆಲಸ ಎರಡೂ ನಡೆಯುತ್ತಿವೆ. ಹಾಗಾಗಿ ಇದನ್ನು ಅನುಭವದಿಂದಲೇ ಬರೆಯುತ್ತಿದ್ದೇನೆ.

ಮೊದಲು ಆ ರಿಪೋರ್ಟಿನ ಹೆದರಿಕೆ ಬಿಡಿಸಿ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ದೊಡ್ಡ ವಿಶ್ಲೇಷಣೆ 2015ರಲ್ಲಿ ಬಂದಿತ್ತು. 30 ವರ್ಷದವರಲ್ಲಿ ಸುಮಾರು 40 ಶೇಕಡಾ, 50 ವರ್ಷದವರಲ್ಲಿ ಸುಮಾರು 60 ಶೇಕಡಾ ಜನರಿಗೆ ಡಿಸ್ಕ್ ಉಬ್ಬಿತ್ತು. ಅವರಿಗೆಲ್ಲ ನೋವೇ ಇರಲಿಲ್ಲ! ಅಂದರೆ ಅಮ್ಮನ ವಯಸ್ಸಿನಲ್ಲಿ ಡಿಸ್ಕ್ ಉಬ್ಬುವುದು ಕೂದಲು ನರೆತಷ್ಟೇ ಮಾಮೂಲು. ನನಗೂ ಒಬ್ಬ ಡಾಕ್ಟರು "ಮೂಳೆ ಸವೆದಿದೆ, ಇನ್ನು ಬಗ್ಗಬೇಡಿ" ಅಂದಿದ್ದರು. ಆ ಒಂದು ಮಾತು ನೋವಿಗಿಂತ ಜಾಸ್ತಿ ದಿನ ನನ್ನನ್ನು ಕಟ್ಟಿಹಾಕಿತ್ತು. ಕೆಳಗೆ ಬಿದ್ದ ಚಮಚ ಎತ್ತುವುದಕ್ಕೂ ಮಕ್ಕಳನ್ನು ಕರೆಯುತ್ತಿದ್ದೆ.

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರೆ. ಅಷ್ಟು ಹೊತ್ತಿಗೆ ಎಷ್ಟೋ ಸಲ ಮೊದಲ ಗಾಯ ಮಾಗಿರುತ್ತದೆ, ಆದರೆ ನರಗಳು ಇನ್ನೂ ಕಾವಲು ಬಿಟ್ಟಿರುವುದಿಲ್ಲ. ಕಳ್ಳ ಬಂದು ಹೋದ ಮನೆಯ ನಾಯಿ ಆಮೇಲೆ ಹಾಲಿನವನಿಗೂ ಬೊಗಳುತ್ತದೆ, ಅಲ್ವಾ? ಹಾಗೆ. ಅದೇ ಹಾಲಿನವನು ದಿನಾ ಅದೇ ಹೊತ್ತಿಗೆ ಮೆಲ್ಲ ಬಂದು ಹೋದರೆ ನಾಯಿ ಸುಮ್ಮನಾಗುತ್ತದೆ. ಯೋಗದಿಂದ ನಮಗೆ ಬೇಕಾದದ್ದೂ ಅಷ್ಟೇ. ಸಣ್ಣ ಚಲನೆ, ನಿಧಾನದ ಉಸಿರು, ದಿನಾ. ಕಾಲು ತಲೆಗೆ ತಾಗಿಸುವುದು ನಮಗೆ ಬೇಡವೇ ಬೇಡ.

ಇದು ಬರೀ ನಂಬಿಕೆಯ ಮಾತಲ್ಲ. ಅಮೆರಿಕದ ವೈದ್ಯರ ಸಂಘ (ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್) 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಹಳೆಯ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬೇಕಾದವುಗಳಲ್ಲಿ ವ್ಯಾಯಾಮದ ಜೊತೆ ಯೋಗದ ಹೆಸರೂ ಇದೆ. ಅದೇ ವರ್ಷ ಬಾಸ್ಟನ್‌ನಲ್ಲಿ 320 ಜನರ ಮೇಲೆ ನಡೆದ ಪ್ರಯೋಗದಲ್ಲಿ, 12 ವಾರ ಯೋಗ ಮಾಡಿದವರಿಗೂ ಫಿಸಿಯೋಥೆರಪಿ ಮಾಡಿದವರಿಗೂ ಹೆಚ್ಚುಕಮ್ಮಿ ಒಂದೇ ಪ್ರಯೋಜನ ಸಿಕ್ಕಿತು. ಇದರಲ್ಲಿ ಎರಡು ವಿಷಯ ಗಮನಿಸಿ. 12 ವಾರ ಅಂದರೆ ಮೂರು ತಿಂಗಳು, ಹತ್ತು ದಿನಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ. ಮತ್ತೆ, ಬೇರೆ ವ್ಯಾಯಾಮಕ್ಕಿಂತ ಯೋಗ ಬಹಳ ಮೇಲು ಅಂತ ಯಾರೂ ತೋರಿಸಿಲ್ಲ. ಅಮ್ಮನಿಗೆ ಫಿಸಿಯೋ ಹೇಳಿಕೊಟ್ಟ ವ್ಯಾಯಾಮವೇ ಹಿಡಿಸಿದರೆ ಅದನ್ನೇ ಮಾಡಲಿ. ನನಗೆ ಯೋಗ ಒಗ್ಗಿದ್ದು ಉಸಿರಿನಿಂದಾಗಿ. ನೋವು ಬಂದಾಗ ಉಸಿರು ಹಿಡಿಯುವ ಅಭ್ಯಾಸ ನನಗಿತ್ತು, ಅದು ಬಿಟ್ಟುಹೋದ ಮೇಲೆ ಸೊಂಟದ ಬಿಗಿತ ಎಷ್ಟೋ ಸಡಿಲವಾಯಿತು.

ಶುರು ಹೀಗೆ ಮಾಡಿಸಿ. ಟೈಲ್ಸ್ ನೆಲ ಜಾರುತ್ತದೆ, ಚಾಪೆಯ ಮೇಲೆ ದಪ್ಪ ಜಮಖಾನ ಹಾಸಿ. ಮಳೆಗಾಲದಲ್ಲಂತೂ ಬರೀ ನೆಲದ ಥಂಡಿಗೆ ಮೈ ಇನ್ನೂ ಬಿಗಿಯುತ್ತದೆ. ಸೀರೆ ಬೇಡ, ಚೂಡಿದಾರ ಒಳ್ಳೆಯದು. ಅಂಗಾತ ಮಲಗಿ ಮೊಣಕಾಲಿನ ಕೆಳಗಿನ ಭಾಗವನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಡಲಿ. ಕುರ್ಚಿ ಗೋಡೆಗೆ ಒತ್ತಿ ಇಡಿ, ಇಲ್ಲದಿದ್ದರೆ ಹಿಂದೆ ಜಾರುತ್ತದೆ. ಸೊಂಟ ತಾನಾಗಿ ನೆಲಕ್ಕೆ ಇಳಿಯುತ್ತದೆ. ಹಾಗೇ ಐದು ನಿಮಿಷ ಉಸಿರಾಡಲಿ. ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಸ್ವಲ್ಪ ಉದ್ದ ಇರಲಿ. ಮೊದಲ ವಾರ ಇಷ್ಟೇ ಸಾಕು. ಇದು ಯೋಗವಾ ಅಂತ ಅಮ್ಮ ಕೇಳಬಹುದು. ಹೌದು, ಇದೇ ಯೋಗ.

ಆಮೇಲೆ ಒಂದೊಂದೇ ಸೇರಿಸಿ. ಒಂದು ಮೊಣಕಾಲನ್ನು ಎದೆಯ ಕಡೆ ತಂದು ಬಿಡುವುದು, ಎರಡನ್ನೂ ಒಟ್ಟಿಗೆ ಬೇಡ. ಅಂಗೈ, ಮೊಣಕಾಲು ಊರಿ ಬೆನ್ನನ್ನು ಮೆಲ್ಲ ಮೇಲೆ ಕೆಳಗೆ ಮಾಡುವ ಮಾರ್ಜಾಲಾಸನ. ಮೊಣಕಾಲು ಒತ್ತಿ ನೋಯುತ್ತದೆ ಅಂದರೆ ಅಡಿಗೆ ತಲೆದಿಂಬು ಇಡಿ. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವ ಸೇತುಬಂಧದಲ್ಲಿ ನಾಲ್ಕು ಬೆರಳಿನಷ್ಟು ಎತ್ತಿದರೆ ಸಾಕು. ನೋವು ಹತ್ತರಲ್ಲಿ ಎಷ್ಟು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಮಾಡುವಾಗ ಒಂದೆರಡು ಏರಿದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಜಾಸ್ತಿಯಾಯಿತು ಅಂತ ಅರ್ಥ, ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ನೋವು ಜೋರಾದ ದಿನ ಕುರ್ಚಿಯ ಮೇಲೆ ಕಾಲಿಟ್ಟು ಉಸಿರಾಡುವುದೊಂದೇ ಇರಲಿ.

ಈಗ ಬೀಡಿಯ ವಿಷಯ. ಬೆಳಿಗ್ಗೆ ಇಪ್ಪತ್ತು ನಿಮಿಷ ಯೋಗ ಮಾಡಿ ಆಮೇಲೆ ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಇಡೀ ದಿನ ಬಗ್ಗಿ ಕೂತರೆ ಏನು ಉಳಿಯುತ್ತದೆ? ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ, ಎದ್ದಷ್ಟು ಹೊತ್ತು ಲುಕ್ಸಾನು, ಗೊತ್ತು. ನಮ್ಮ ಚಿಕ್ಕಮ್ಮನೂ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದವರು. ಅದಕ್ಕೇ ಕೆಲಸವೇ ಬದಲಾಗುವ ಜಾಗದಲ್ಲಿ ಏಳಲಿ: ಎಲೆ ಕತ್ತರಿಸಿ ಮುಗಿದಾಗ, ಸುರುಟಿದ್ದನ್ನು ಕಟ್ಟು ಮಾಡುವ ಮುಂಚೆ. ಎದ್ದು ಗೋಡೆಗೆ ಎರಡೂ ಅಂಗೈ ಊರಿ, ಎರಡು ಹೆಜ್ಜೆ ಹಿಂದೆ ಹೋಗಿ, ಸೊಂಟವನ್ನು ಹಿಂದಕ್ಕೆ ತಳ್ಳಿ ಬೆನ್ನು ಉದ್ದ ಮಾಡಲಿ. ಐದು ಉಸಿರು, ಅಷ್ಟೇ. ಕೂರುವಾಗ ಕುಂಡೆಯ ಅಡಿಗೆ ಮಡಚಿದ ಕಂಬಳಿ, ಬೆನ್ನಿಗೆ ಗೋಡೆ. ತಡ್ಪೆಯ ಅಡಿಗೆ ಒಂದು ದಿಂಬು ಇಟ್ಟರೆ ಅದು ಮೇಲೆ ಬರುತ್ತದೆ, ಕುತ್ತಿಗೆ ಅಷ್ಟು ಬಗ್ಗಬೇಕಿಲ್ಲ. ನನ್ನ ಕೇಳಿದರೆ ನಿಮ್ಮ ಅಮ್ಮನಿಗೆ ಬೆಳಗಿನ ಆಸನಕ್ಕಿಂತ ಇದರಿಂದಲೇ ಜಾಸ್ತಿ ಉಪಕಾರ.

ಕಲಿಸುವವರು ಯಾರು? ನಮ್ಮ ಕಡೆ ದೇವಸ್ಥಾನದ ಸಭಾಭವನಗಳಲ್ಲಿ ಬೆಳಗಿನ ಜಾವ ಒಳ್ಳೆಯ ಉಚಿತ ತರಗತಿಗಳು ನಡೆಯುತ್ತವೆ. ಆದರೆ ಅಲ್ಲಿ ತುಂಬಾ ಜನ, ಸೂರ್ಯನಮಸ್ಕಾರದ ವೇಗ ಅಮ್ಮನಿಗೆ ಆಗಲಿಕ್ಕಿಲ್ಲ. ಮೊದಲು ಉಜಿರೆಯ ಎಸ್‌ಡಿಎಂ ಅಥವಾ ಮೂಡುಬಿದಿರೆಯ ಆಳ್ವಾಸ್‌ನಂಥ ಕಡೆ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದಿದ ಡಾಕ್ಟರಿಗೆ ತೋರಿಸಿ, ರಿಪೋರ್ಟ್ ಕೊಟ್ಟು ಅಮ್ಮನಿಗೆ ಅಂತಲೇ ನಾಲ್ಕೈದು ಅಭ್ಯಾಸ ಬರೆಸಿಕೊಳ್ಳಿ. ಮುಟ್ಟು ನಿಂತಿದ್ದರೆ ಮೂಳೆ ಗಟ್ಟಿ ಇದೆಯಾ ಅಂತಲೂ ಕೇಳಿ. ಮೂಳೆ ಟೊಳ್ಳಾಗಿದ್ದವರು ಪೂರ್ತಿ ಮುಂದೆ ಬಗ್ಗುವ ಆಸನ ಮಾಡಿದರೆ ಬೆನ್ನುಮೂಳೆ ಮುರಿಯುವ ಅಪಾಯ ಇದೆ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಡಾಕ್ಟರ ಹತ್ತಿರ ಕೇಳದೆ ನಿಲ್ಲಿಸಬೇಡಿ.

ಕಾಲಿನ ಬಗ್ಗೆ ನೀವು ಏನೂ ಬರೆದಿಲ್ಲ. ಕಾಲಿನ ಬಲ ಕುಂದುತ್ತಾ ಬಂದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲಾಗದಿದ್ದರೆ ಯೋಗ ಬಿಟ್ಟು ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜ್ವರದ ಜೊತೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಇವಕ್ಕೂ ಡಾಕ್ಟರೇ ಮೊದಲು. ಕಾಲಿಗೆ ಬರೀ ಜೋಮು ಹಿಡಿಯುವುದಿದ್ದರೆ ಯಾವ ಭಂಗಿಯಲ್ಲಿ ಹಿಡಿಯುತ್ತದೆ ಅಂತ ಅಮ್ಮನ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ದಿನ ಹೇಳಿಕೊಡುವವರಿಗೆ ಅದು ಎಂಆರ್‌ಐಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.